ಬಸ್ ಮಾಡ್ ಹಂಚುವ ಮುಂಚೆ: ಯಾರ ಒಪ್ಪಿಗೆ, ಯಾವುದಕ್ಕೆ ಒಪ್ಪಿಗೆ?

ಶಿರಾಡಿ_ತಿರುವು

ಯೂರೋ ಟ್ರಕ್ ಸಿಮ್ಯುಲೇಟರ್ 2 ಎಂಬ ಕಂಪ್ಯೂಟರ್ ಆಟಕ್ಕೆ ಒಂದು ಬಸ್ ಮಾಡ್ (ಆಟಗಾರರೇ ಮಾಡಿ ಆಟಕ್ಕೆ ಸೇರಿಸುವ ಭಾಗ) ಪ್ಯಾಕ್ ರೂಪದಲ್ಲಿ ತಯಾರಾಗಿದೆ. ಹಂಚುವ ಮುಂಚೆ ತಿಳಿದವರ ಮಾತು ಬೇಕು.

ಬಸ್ಸಿನ ಮಾಡೆಲ್ (ಮೂರು ಆಯಾಮದ ಆಕೃತಿ) ಹೊರದೇಶದ ಮಾಡರ್ (ಮಾಡ್ ಮಾಡುವವರು) ಒಬ್ಬರದು, ಫೈಲಿಗೆ ಬೀಗ ಹಾಕಿಲ್ಲ, ಯಾರು ಬೇಕಾದರೂ ಬಿಚ್ಚಬಹುದು. ಡ್ಯಾಶ್‌ಬೋರ್ಡ್ ಮತ್ತು ಸ್ಟೀರಿಂಗ್ ಇನ್ನೊಂದು ಪ್ಯಾಕಿನಿಂದ ತೆಗೆದದ್ದು. ಎಂಜಿನ್, ಹಾರ್ನ್ ಸದ್ದು ಮೂರನೆಯವರದು. ಕರ್ನಾಟಕ ಸಾರಿಗೆಯ ಕೆಂಪು ಸ್ಕಿನ್ (ಬಸ್ಸಿನ ಹೊರಮೈಯ ಬಣ್ಣ, ಬರಹಗಳ ಚಿತ್ರ) ಮಾತ್ರ ಸ್ವಂತ ಕೆಲಸ. ಅದರಲ್ಲೂ ಹಿಂಬದಿಯ ಬರಹಗಳಿಗೆ ಬಸ್ ಅಭಿಮಾನಿಗಳ ಗುಂಪಿನಲ್ಲಿ ಸಿಕ್ಕ ಫೋಟೋ ಬಳಸಲಾಗಿದೆ. ವಿವರಣೆಯಲ್ಲಿ "ಎಲ್ಲ ಮೂಲ ಕರ್ತೃಗಳಿಗೂ ಕ್ರೆಡಿಟ್" ಎಂದು ಬರೆದಿದೆ. ಇಷ್ಟು ಸಾಕೇ? ಇದನ್ನೇ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾಕ್ಕೂ ಮಾಡಿಕೊಡಿ ಅಂತ ಮೊಬೈಲ್‌ನಲ್ಲಿ ಆಡುವವರು ಕೇಳುತ್ತಿದ್ದಾರೆ. ಅದಕ್ಕೆ ಏನು ಮಾಡಬೇಕು?

ಲೈಸೆನ್ಸ್_ಓದುಗ

ಸಾಲದು. ಕ್ರೆಡಿಟ್ ಬೇರೆ, ಒಪ್ಪಿಗೆ ಬೇರೆ. ಇದು ಯಾರ ಕೆಲಸ ಎಂದು ಹೇಳುವುದು ಕ್ರೆಡಿಟ್. ಇದನ್ನು ಹಂಚಬಹುದು ಎಂದು ಆ ಕರ್ತೃವೇ ಹೇಳುವುದು ಒಪ್ಪಿಗೆ. ಒಂದು ಇದ್ದ ಮಾತ್ರಕ್ಕೆ ಇನ್ನೊಂದು ಸಿಕ್ಕಿದ ಹಾಗಲ್ಲ. ಒಪ್ಪಿಗೆ ಸಿಕ್ಕ ಮೇಲೂ ಕ್ರೆಡಿಟ್ ಕೊಡಲೇಬೇಕು. "ಎಲ್ಲ ಮೂಲ ಕರ್ತೃಗಳು" ಅನ್ನುವುದು ಕ್ರೆಡಿಟ್ ಕೂಡ ಅಲ್ಲ, ಅದರಲ್ಲಿ ಒಂದು ಹೆಸರೂ ಇಲ್ಲ.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ಹುಟ್ಟುವುದಕ್ಕೆ ನೋಂದಣಿ ಬೇಕಿಲ್ಲ, ಕೃತಿ ತಯಾರಾದಾಗಲೇ ಹುಟ್ಟುತ್ತದೆ. ಕಂಪ್ಯೂಟರ್ ಪ್ರೋಗ್ರಾಂ ಅನ್ನು ಅದೇ ಕಾಯ್ದೆ ಸಾಹಿತ್ಯ ಕೃತಿಯ ಸಾಲಿಗೆ ಸೇರಿಸಿದೆ. ಮಾಡೆಲ್ ಮತ್ತು ಚಿತ್ರ ಕಲಾಕೃತಿ, ಸದ್ದು ಧ್ವನಿಮುದ್ರಣ. ಮಾಡರ್ ಇಂಡೋನೇಷ್ಯಾದಲ್ಲಿರಲಿ, ಬ್ರೆಜಿಲ್‌ನಲ್ಲಿರಲಿ, ಬರ್ನ್ ಒಪ್ಪಂದದಿಂದಾಗಿ ಅವರ ಹಕ್ಕಿಗೆ ಇಲ್ಲೂ ಬೆಲೆ ಇದೆ. ಹಾಗಾಗಿ ಫೈಲಿನ ಜೊತೆ ಯಾವ ಷರತ್ತೂ ಬರೆದಿಲ್ಲ ಅಂದರೆ "ಏನು ಬೇಕಾದರೂ ಮಾಡಿಕೊಳ್ಳಿ" ಎಂದಲ್ಲ, "ಏನನ್ನೂ ಕೊಟ್ಟಿಲ್ಲ" ಎಂದು ಅರ್ಥ. ಬೀಗ ಇಲ್ಲದಿರುವುದಕ್ಕೂ ಒಪ್ಪಿಗೆಗೂ ಸಂಬಂಧವೇ ಇಲ್ಲ.

ಎರಡನೆಯದು, ಒಪ್ಪಿಗೆ ಇಡೀ ಮಾಡ್‌ಗೆ ಒಟ್ಟಾಗಿ ಸಿಗುವುದಿಲ್ಲ. ನಿಮ್ಮ ಪ್ಯಾಕಿನಲ್ಲಿ ಕನಿಷ್ಠ ನಾಲ್ಕು ಜನರ ಕೆಲಸ ಇದೆ: ಮಾಡೆಲ್, ಡ್ಯಾಶ್‌ಬೋರ್ಡ್, ಸದ್ದು, ಫೋಟೋ. ನಾಲ್ವರನ್ನೂ ಬೇರೆ ಬೇರೆಯಾಗಿ ಕೇಳಬೇಕು. ಒಬ್ಬೊಬ್ಬರ ಹತ್ತಿರವೂ ಯಾವುದಕ್ಕೆ ಒಪ್ಪಿಗೆ ಎಂದು ಬಿಡಿಸಿ ಕೇಳಬೇಕು. ನೆಕ್ಸಸ್ ಮಾಡ್ಸ್ ತಾಣದಲ್ಲಿ ಪ್ರತಿ ಮಾಡ್‌ನ ಪುಟದಲ್ಲೂ ಇರುವ ಅನುಮತಿ ಪಟ್ಟಿ ಇದಕ್ಕೆ ಒಳ್ಳೆಯ ಮಾದರಿ. ಬೇರೆ ತಾಣಕ್ಕೆ ಏರಿಸಬಹುದೇ, ತಿದ್ದಿ ಬಿಡುಗಡೆ ಮಾಡಬಹುದೇ, ಬೇರೆ ಆಟಕ್ಕೆ ಬದಲಿಸಬಹುದೇ, ಒಳಗಿನ ಬಿಡಿಭಾಗ ಬಳಸಬಹುದೇ, ದುಡ್ಡು ಬರುವ ಮಾಡ್‌ನಲ್ಲಿ ಬಳಸಬಹುದೇ ಎಂದು ಅಲ್ಲಿ ಪ್ರಶ್ನೆಗಳು ಬಿಡಿಬಿಡಿಯಾಗಿವೆ. ಮೊದಲನೆಯದಕ್ಕೆ ಹೌದು ಅಂದವರು ಮೂರನೆಯದಕ್ಕೆ ಇಲ್ಲ ಅನ್ನಬಹುದು.

ಡಿಪೋ_ಗೇಟ್

ಇಷ್ಟೆಲ್ಲ ಯಾಕೆ ಗುರು? ಮೂಲ ಆಟವೇ ಎಸ್‌ಸಿಎಸ್ ಕಂಪನಿಯದು, ಮಾಡ್ ಮಾಡಿದವರು ಅವರ ಆಟದ ಮೇಲೆ ಕಟ್ಟಿರೋದು. ಅವರಿಗೇ ಪೂರ್ತಿ ಹಕ್ಕಿಲ್ಲದ ಮೇಲೆ ಬೇರೆಯವರನ್ನ ತಡೆಯೋದು ಹೇಗೆ? ಫ್ರೀಯಾಗಿ ತಾನೇ ಹಂಚ್ತಿರೋದು.

ಲೈಸೆನ್ಸ್_ಓದುಗ

ಈ ವಾದದಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಆಟದ ಮೂಲ ಫೈಲುಗಳು ಎಸ್‌ಸಿಎಸ್‌ನವು, ಅದರಲ್ಲಿ ಸಂಶಯ ಇಲ್ಲ. ಆದರೆ ಬ್ಲೆಂಡರ್ ತಂತ್ರಾಂಶದಲ್ಲಿ ಶೂನ್ಯದಿಂದ ಕಟ್ಟಿದ ಬಸ್ ಬಾಡಿ, ಮೈಕ್ ಹಿಡಿದು ಧ್ವನಿಮುದ್ರಿಸಿದ ಎಂಜಿನ್ ಸದ್ದು ಆಟದ ಕಂಪನಿಯದಲ್ಲ. ಆಟಕ್ಕೆ ಜೋಡಿಸಿದ್ದಾರೆ ಎಂಬ ಮಾತ್ರಕ್ಕೆ ಅದು ಊರ ಸ್ವತ್ತಾಗುವುದಿಲ್ಲ. ಆಟದ ಮಾಲೀಕರಿಗೆ ತಕರಾರು ಎತ್ತುವ ಹಕ್ಕಿದ್ದರೆ ಅದು ಅವರ ಹಕ್ಕು. ಮೂರನೆಯವರಾದ ನಮಗೆ ಅದರಿಂದ ಯಾವ ಹಕ್ಕೂ ಬರುವುದಿಲ್ಲ.

ಫ್ರೀ ಅನ್ನುವುದೂ ಉತ್ತರವಲ್ಲ. ನಕಲು ಮಾಡಿ ಸಾರ್ವಜನಿಕರಿಗೆ ಕೊಡುವುದೇ ಕರ್ತೃವಿನ ಹಕ್ಕು, ದುಡ್ಡು ತೆಗೆದುಕೊಂಡಿರೋ ಇಲ್ಲವೋ ಅನ್ನುವುದು ಆಮೇಲಿನ ಪ್ರಶ್ನೆ.

ಒಂದು ಬಿಡಿಭಾಗದ ಒಪ್ಪಿಗೆ ತಪ್ಪಿದರೂ ಏನಾಗುತ್ತದೆ ಎಂಬುದಕ್ಕೆ ಸ್ಕೈರಿಮ್ ಎಂಬ ಆಟದ ಉದಾಹರಣೆ ಇದೆ. 2015ರ ಏಪ್ರಿಲ್ 23ರಂದು ಸ್ಟೀಮ್ ವರ್ಕ್‌ಶಾಪ್‌ನಲ್ಲಿ (ಸ್ಟೀಮ್ ಎಂಬ ಆಟಗಳ ತಾಣದ ಮಾಡ್ ವಿಭಾಗ) ಸ್ಕೈರಿಮ್ ಮಾಡ್‌ಗಳನ್ನು ಮಾರುವ ವ್ಯವಸ್ಥೆ ಬಂತು, ಮಾಡರ್‌ಗೆ 25 ಶೇಕಡಾ. ಅಲ್ಲಿ ಮಾರಾಟಕ್ಕಿಟ್ಟ ಮೀನು ಹಿಡಿಯುವ ಮಾಡ್ ಒಂದು ಇನ್ನೊಬ್ಬರ ಅನಿಮೇಶನ್ ಕೆಲಸವನ್ನು ನೆಚ್ಚಿಕೊಂಡಿತ್ತು. ಅವರ ಆಕ್ಷೇಪ ಬಂದ ಮೇಲೆ ಮಾಡ್ ಮಾರಾಟದಿಂದ ಇಳಿಯಿತು. ಏಪ್ರಿಲ್ 27ಕ್ಕೆ ಇಡೀ ವ್ಯವಸ್ಥೆಯನ್ನೇ ಹಿಂತೆಗೆದುಕೊಂಡರು. ಉಚಿತವಾಗಿದ್ದಾಗ ಏಳದ ಪ್ರಶ್ನೆ ದುಡ್ಡು ಬಂದ ಕೂಡಲೇ ಎದ್ದಿತು.

ಮೆಶ್_ಮಗ್ಗ

ಮೂಲ ಪ್ರಶ್ನೆಗೆ ಬರೋಣ. ಪ್ಯಾಕಿನಲ್ಲಿ ಸ್ವಂತ ಕೆಲಸ ಅಂದರೆ ಸ್ಕಿನ್. ಹಾಗಿದ್ದರೆ ಸ್ಕಿನ್ ಒಂದನ್ನೇ ಹಂಚಿ, ಬಸ್ಸನ್ನು ಮೂಲ ಕರ್ತೃವಿನ ಪುಟದಿಂದ ಇಳಿಸಿಕೊಳ್ಳಲು ಹೇಳಿ. ಬೇರೆಯವರ ಮಾಡೆಲ್ ನಿಮ್ಮ ಫೈಲಿನೊಳಗೆ ಇಲ್ಲವೇ ಇಲ್ಲ ಅಂದ ಮೇಲೆ ಅದನ್ನು ಮರುಹಂಚುವ ಒಪ್ಪಿಗೆಯ ಪ್ರಶ್ನೆಯೂ ಏಳುವುದಿಲ್ಲ. ಸ್ಕೈರಿಮ್‌ನವರು ಪ್ಯಾಚ್‌ಗಳನ್ನು (ಮೂಲ ಮಾಡ್‌ಗೆ ಸೇರಿಸುವ ತಿದ್ದುಪಡಿ ಫೈಲು) ಹೀಗೇ ಮಾಡುತ್ತಾರೆ, ಮೂಲ ಮಾಡ್ ಇಲ್ಲದೆ ಪ್ಯಾಚ್ ಓಡುವುದಿಲ್ಲ.

ಮಾಡುವ ಕ್ರಮ ಹೀಗೆ. ಹೊಸ ಖಾಲಿ ಫೋಲ್ಡರ್ ಒಂದರಲ್ಲಿ ಮ್ಯಾನಿಫೆಸ್ಟ್ ಫೈಲು (ಮಾಡ್‌ನ ಹೆಸರು, ವರ್ಗ, ಕರ್ತೃ ಬರೆಯುವ ಫೈಲು), ವಿವರಣೆಯ ಟೆಕ್ಸ್ಟ್ ಫೈಲು, 276x162 ಪಿಕ್ಸೆಲ್‌ನ ಜೆಪೆಗ್ ಐಕಾನ್ ಇಡಿ. ಮ್ಯಾನಿಫೆಸ್ಟ್‌ನಲ್ಲಿ ವರ್ಗ ಪೇಂಟ್ ಜಾಬ್ (ಅಂದರೆ ಸ್ಕಿನ್) ಎಂದಿರಲಿ, ಟ್ರಕ್ ಎಂದು ಬೇಡ. ಕರ್ತೃ ಅನ್ನುವ ಜಾಗದಲ್ಲಿ ನಿಮ್ಮ ಹೆಸರು ಬರೆಯುವುದು ಸ್ಕಿನ್‌ಗಷ್ಟೇ ಸರಿ. ಮೂಲ ಬಸ್ಸಿನ ಪ್ಯಾಕಿನಲ್ಲಿ ಆ ಸಾಲು ತಿದ್ದಿ ತಮ್ಮ ಹೆಸರು ಹಾಕಿಕೊಳ್ಳುವವರಿದ್ದಾರೆ, ಅದು ಶುದ್ಧ ಕಳವು.

ಆಮೇಲೆ ಡೆಫ್ ಫೋಲ್ಡರ್‌ನೊಳಗೆ ವೆಹಿಕಲ್, ಟ್ರಕ್, ಬಸ್ಸಿನ ಒಳಹೆಸರು (ಆಟ ಅದನ್ನು ಗುರುತಿಸುವ ಹೆಸರು), ಪೇಂಟ್ ಜಾಬ್ ಎಂದು ಒಂದರೊಳಗೊಂದು ಫೋಲ್ಡರ್‌ಗಳ ದಾರಿ ಮಾಡಿ ಅಲ್ಲಿ ಸ್ಕಿನ್‌ನ ಎಸ್‌ಐಐ ಫೈಲು (ಸ್ಕಿನ್‌ನ ವಿವರ ಬರೆದ ಫೈಲು) ಇಡಿ. (ಈ ಆಟದಲ್ಲಿ ಮಾಡ್ ಬಸ್ಸುಗಳು ಟ್ರಕ್ ಫೋಲ್ಡರ್‌ನಲ್ಲೇ ಕೂರುತ್ತವೆ, ಗಾಬರಿ ಬೇಡ.) ಚಿತ್ರವನ್ನು ಡಿಡಿಎಸ್ ಎಂಬ ಚಿತ್ರ ಮಾದರಿಯಲ್ಲಿ ಉಳಿಸಿ, ಅಳತೆ 2048 ಅಥವಾ 4096 ಪಿಕ್ಸೆಲ್, ಮಿಪ್‌ಮ್ಯಾಪ್ (ಅದೇ ಚಿತ್ರದ ಸಣ್ಣ ಅಳತೆಯ ಪ್ರತಿಗಳು) ಸೇರಿಸಿ. ಮಿಪ್‌ಮ್ಯಾಪ್ ಬಿಟ್ಟರೆ ದೂರದಿಂದ ನೋಡುವಾಗ ಅಕ್ಷರಗಳೆಲ್ಲ ಮಿಣಮಿಣ ಅನ್ನುತ್ತವೆ. ಪ್ರತಿ ಡಿಡಿಎಸ್‌ಗೆ ಜೊತೆಗೊಂದು ಟಿಒಬಿಜೆ ಫೈಲು (ಚಿತ್ರ ಎಲ್ಲಿದೆ ಎಂದು ಆಟಕ್ಕೆ ಹೇಳುವ ಫೈಲು) ಬೇಕು.

ಕೊನೆಗೆ ಎಲ್ಲವನ್ನೂ ಜಿಪ್ ಮಾಡಿ, ಹೆಸರಿನ ಬಾಲವನ್ನು ಎಸ್‌ಸಿಎಸ್ ಎಂದು ಬದಲಿಸಿ. ಜಿಪ್ ತೆರೆದ ಕೂಡಲೇ ಮ್ಯಾನಿಫೆಸ್ಟ್ ಕಾಣಬೇಕು. ಹೊರಗಿನ ಫೋಲ್ಡರನ್ನೇ ಜಿಪ್ ಮಾಡಿದರೆ ಮ್ಯಾನಿಫೆಸ್ಟ್ ಒಂದು ಮೆಟ್ಟಿಲು ಒಳಗೆ ಹೋಗಿ, ಮಾಡ್ ಮ್ಯಾನೇಜರ್‌ನಲ್ಲಿ ಹೆಸರೂ ಇರುವುದಿಲ್ಲ, ಐಕಾನೂ ಇರುವುದಿಲ್ಲ. ಮಾಡ್ ಮ್ಯಾನೇಜರ್‌ನಲ್ಲಿ ಸ್ಕಿನ್ ಮೇಲೆ, ಮೂಲ ಬಸ್ ಕೆಳಗೆ ಇರಬೇಕು. ಸ್ಟೀಮ್ ವರ್ಕ್‌ಶಾಪ್‌ನಲ್ಲಿ ಹಾಕುವುದಾದರೆ, ಮೂಲ ಬಸ್ಸೂ ಅಲ್ಲೇ ಇದ್ದರೆ "ಬೇಕಾದ ಐಟಂ" ಎಂದು ಅದನ್ನು ಜೋಡಿಸಿ. ನಿಮ್ಮ ಸ್ಕಿನ್‌ಗೆ ಚಂದಾ ಹಾಕಿದವರಿಗೆ ಮೂಲ ಮಾಡ್ ತಾನಾಗಿ ಕಾಣುತ್ತದೆ, ಡೌನ್‌ಲೋಡ್ ಲೆಕ್ಕ ಬಸ್ ಮಾಡಿದವರ ಹೆಸರಿಗೇ ಹೋಗುತ್ತದೆ.

ಶಿರಾಡಿ_ತಿರುವು

ಹಾಗೆ ಬೇರ್ಪಡಿಸಿ ನೋಡಿದರೆ ಸ್ಕಿನ್ ಆಟದೊಳಗಿನ ಪಟ್ಟಿಯಲ್ಲೇ ಬರುತ್ತಿಲ್ಲ. ಬೇರೆಯವರ ಒಂದು ಸ್ಕಿನ್ ಫೈಲಿನ ಹೆಸರು ಬದಲಿಸಿ ಅದನ್ನೇ ಅಚ್ಚಾಗಿ ಬಳಸಲಾಗಿದೆ.

ಮೆಶ್_ಮಗ್ಗ

ಎರಡು ಕಡೆ ನೋಡಿ. ಒಳಹೆಸರಿನ ಪ್ರತಿ ತುಂಡು 12 ಅಕ್ಷರ ಮೀರಬಾರದು, ಸಣ್ಣ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಮಾತ್ರ. "ಕರ್ನಾಟಕಸಾರಿಗೆ" ಎಂದು ಇಂಗ್ಲಿಷ್‌ನಲ್ಲಿ ಪೂರ್ತಿ ಬರೆದರೆ ಮಿತಿ ದಾಟುತ್ತದೆ. ಎರಡನೆಯದು ಟಿಒಬಿಜೆ. ಅದರ ಹೊಟ್ಟೆಯೊಳಗೆ ಡಿಡಿಎಸ್‌ನ ಪೂರ್ತಿ ದಾರಿ ಬರೆದಿರುತ್ತದೆ, ಹೊರಗಿನ ಹೆಸರು ಬದಲಿಸಿದರೆ ಒಳಗಿನದು ಬದಲಾಗುವುದಿಲ್ಲ. ಹೊಸದಾಗಿ ತಯಾರಿಸಿ. ಡಾಕ್ಯುಮೆಂಟ್ಸ್‌ನಲ್ಲಿ ಆಟದ ಫೋಲ್ಡರ್‌ನೊಳಗೆ ಗೇಮ್ ಲಾಗ್ ಎಂಬ ಟೆಕ್ಸ್ಟ್ ಫೈಲಿದೆ. ಅದರಲ್ಲಿ ನಿಮ್ಮ ಸ್ಕಿನ್‌ನ ಹೆಸರು ಹುಡುಕಿದರೆ ಎಡವಿದ್ದು ಎಲ್ಲಿ ಎಂದು ಸಾಲಿನ ಸಮೇತ ಸಿಗುತ್ತದೆ.

ಇನ್ನೊಂದು ವಿಷಯ, ಇದೂ ಶಿಷ್ಟಾಚಾರವೇ. ನಿಮ್ಮ ಫೈಲುಗಳ ದಾರಿಯಲ್ಲಿ ನಿಮ್ಮದೇ ಒಂದು ಗುರುತು ಇರಲಿ. ಎರಡು ಮಾಡ್‌ಗಳು ಒಂದೇ ದಾರಿ, ಒಂದೇ ಹೆಸರು ಬಳಸಿದರೆ ಮೇಲಿರುವುದು ಕೆಳಗಿನದನ್ನು ಮುಚ್ಚಿಬಿಡುತ್ತದೆ. ಆಗ "ನಿಮ್ಮ ಬಸ್ ಕೆಟ್ಟಿದೆ" ಎಂದು ಜನ ಬೈಯುವುದು ಮೂಲ ಕರ್ತೃವನ್ನು, ತಪ್ಪು ನಮ್ಮ ಸ್ಕಿನ್‌ನದು. ಅಂದ ಹಾಗೆ, ಬೇರೆಯವರ ಸ್ಕಿನ್ ಫೈಲನ್ನು ಅಚ್ಚಾಗಿ ಬಳಸುವ ಬದಲು ಬಸ್ ಕರ್ತೃ ಕೊಡುವ ಖಾಲಿ ಟೆಂಪ್ಲೇಟ್ ಕೇಳಿ ತೆಗೆದುಕೊಳ್ಳಿ. ಬೀಗ ಹಾಕಿದ ಬಸ್ಸಾದರೂ ಒಳಹೆಸರು ಮತ್ತು ಟೆಂಪ್ಲೇಟ್ ಕೇಳಿದರೆ ಕೊಡುವವರು ಸುಮಾರು ಜನ ಇದ್ದಾರೆ.

ಹುಬ್ಬಳ್ಳಿ_ಹೈವೇ

ಸದ್ದಿಂದು ನಾ ಹೇಳ್ತೀನ್ರಿ. 1.37ನೇ ಆವೃತ್ತಿಯಿಂದ, ಅಂದ್ರ 2020ರಿಂದ, ಆಟದಾಗ ಸದ್ದು ಎಫ್‌ಮಾಡ್ ಅನ್ನೋ ಸದ್ದಿನ ತಂತ್ರಾಂಶದ ಬ್ಯಾಂಕ್ ಫೈಲಿನಾಗ (ಸದ್ದೆಲ್ಲಾ ಒಟ್ಟಿಗೆ ಕಟ್ಟಿಟ್ಟ ಫೈಲು) ಇರ್ತಾವು. ಬ್ಯಾಂಕ್ ಜೊತಿಗೆ ಗೈಡ್ಸ್ ಅನ್ನೋ ಇನ್ನೊಂದು ಫೈಲೂ ಬೇಕು. ಯಾರದೋ ಬ್ಯಾಂಕ್ ಎತ್ತಿ ನಿಮ್ಮ ಪ್ಯಾಕಿಗೆ ಹಾಕಿದ್ರ ಅದ್ರಾಗ ಅವ್ರು ಇನ್ನೊಬ್ಬರ ಹತ್ರ ತಗೊಂಡಿದ್ದ ಸದ್ದೂ ಇರಬಹುದು. ಅವ್ರು "ಬಳಸ್ರಿ" ಅಂದ್ರೂ ಕೊಡೋ ಅಧಿಕಾರ ಅವ್ರಿಗೆ ಇತ್ತೋ ಇಲ್ಲೋ ಕೇಳ್ಬೇಕು. ಕೇಳೋ ಪ್ರಶ್ನೆ ಒಂದ: "ಇದನ್ನ ನೀವ ಧ್ವನಿಮುದ್ರಣ ಮಾಡೀರೇನು?"

ಫ್ರೀಸೌಂಡ್ ತಾಣದಾಗ ಸಿಗೋ ಸದ್ದಿಗೆ ಒಂದೊಂದಕ್ಕೂ ಬೇರೆ ಬೇರೆ ಲೈಸೆನ್ಸ್ ಇರ್ತದ. ಸಿಸಿ ಅಂದ್ರ ಕ್ರಿಯೇಟಿವ್ ಕಾಮನ್ಸ್ ಅನ್ನೋ ಲೈಸೆನ್ಸ್: ಸಿಸಿ ಸೊನ್ನೆ ಅಂದ್ರ ಷರತ್ತು ಇಲ್ಲ, ಸಿಸಿ ಬಿವೈ ಅಂದ್ರ ಹೆಸರು ಹಾಕ್ಬೇಕು, ಎನ್‌ಸಿ ಇದ್ರ ವ್ಯಾಪಾರಕ್ಕ ಇಲ್ಲ. ಇಳಿಸಿಕೊಂಡ ದಿನಾನ ಆ ಪುಟದ ಸ್ಕ್ರೀನ್‌ಶಾಟ್ ಇಟ್ಕೋರಿ.

ಹಾರ್ನ್‌ನಾಗ ಸಿನಿಮಾ ಹಾಡಿನ ಟ್ಯೂನ್ ಹಾಕೋದು ಭಾಳ ನಡದೈತಿ, ಖಾಸಗಿ ಬಸ್ಸಿನ ಏರ್ ಹಾರ್ನ್ ಹಂಗ ಇರಬೇಕು ಅಂತ ಕೇಳ್ತಾರ. ಹಾಡಿನ ಮುದ್ರಣದ ಹಕ್ಕು ಹೊರಬಂದ ವರ್ಷದ ಮುಂದಿನ ವರ್ಷದಿಂದ 60 ವರ್ಷ. ಅದು ಮುಗದ್ರೂ ಟ್ಯೂನ್ ಕಟ್ಟಿದವರ ಹಕ್ಕು ಅವ್ರು ತೀರಿಕೊಂಡ ಮ್ಯಾಲ 60 ವರ್ಷ ಇರ್ತದ. ಅಂದ್ರ ಹಳೇ ಹಾಡು ಅಂದ್ಕೊಂಡು ಹಾಕಿದ್ರೂ ಸಿಕ್ಕಿ ಬೀಳ್ತೀರಿ. ವಿಡಿಯೋ ತಾಣದಾಗ ನಿಮ್ಮ ಮಾಡ್ ತೋರ್ಸೋ ಹುಡುಗರ ಚಾನೆಲ್ಲಿಗೆ ಕೃತಿಸ್ವಾಮ್ಯದ ಕ್ಲೇಮ್ ಬರೋದೂ ಇದರಿಂದನ. ಬರೇ ಎರಡು ಸ್ವರದ ಹಾರ್ನ್ ಸಾಕ್ರಿ.

ಸ್ವಂತ ಮುದ್ರಣ ಮಾಡೋದಾದ್ರ ಕಂಡಕ್ಟರ್ ಮಾತು, ಪ್ರಯಾಣಿಕರ ಫೋನ್ ಮಾತು ಕತ್ತರಿಸಿ ಹಾಕ್ರಿ.

ಅಕ್ಷರ_ಬೋರ್ಡ್

ಸ್ಕಿನ್ ಬಗ್ಗೆ ಯಾರೂ ಮುಟ್ಟದ ವಿಷಯ ಹೇಳುತ್ತೇನೆ. ಗುಂಪಿನಲ್ಲಿ ಸಿಕ್ಕ ಫೋಟೋ ಗುಂಪಿನದಲ್ಲ, ಕ್ಲಿಕ್ಕಿಸಿದವರದು. ವಾಟರ್‌ಮಾರ್ಕ್ ಅಳಿಸಿ ಸ್ಕಿನ್‌ನ ಚಿತ್ರಕ್ಕೆ ಅಂಟಿಸುವುದು ಅವರ ಹೆಸರನ್ನೇ ಅಳಿಸಿದ ಹಾಗೆ. ಕಾಯ್ದೆಯ 57ನೇ ವಿಧಿ ಕರ್ತೃತ್ವದ ಗುರುತನ್ನು ಬೇರೆಯಾಗಿಯೇ ಕಾಪಾಡುತ್ತದೆ, ಹಕ್ಕು ಮಾರಿದ ಮೇಲೂ ಅದು ಉಳಿಯುತ್ತದೆ. ಫೋಟೋವನ್ನು ಬಣ್ಣ, ಅಳತೆ ನೋಡಲು ಇಟ್ಟುಕೊಂಡು ಪಟ್ಟೆಗಳನ್ನು ಇಂಕ್‌ಸ್ಕೇಪ್ ಎಂಬ ಚಿತ್ರ ತಂತ್ರಾಂಶದಲ್ಲಿ ಹೊಸದಾಗಿ ಎಳೆಯಿರಿ. ಫೋಟೋ ಅಂಟಿಸಿದ್ದಕ್ಕಿಂತ ಅದು ಚೂಪಾಗಿಯೂ ಬರುತ್ತದೆ.

ಫೋಟೋ ಬಳಸುವುದೇ ಆದರೆ ನೋಂದಣಿ ಸಂಖ್ಯೆ ಬದಲಿಸಿ, ಕಿಟಕಿಯಲ್ಲಿ ಕಾಣುವ ಮುಖ ಅಳಿಸಿ. ಖಾಸಗಿ ಟ್ರಾವೆಲ್ಸ್ ಸ್ಕಿನ್‌ಗಳಲ್ಲಿ ಹಿಂಬದಿ ಗಾಜಿನ ಮೇಲಿನ ಬುಕಿಂಗ್ ಫೋನ್ ನಂಬರ್ ಹಾಗೇ ಉಳಿದಿರುತ್ತದೆ, ಅದು ಯಾರದೋ ನಿಜವಾದ ನಂಬರ್.

ಲಾಂಛನದ ವಿಷಯ ಸೂಕ್ಷ್ಮ. ಸಾರಿಗೆ ನಿಗಮದ ಲಾಂಛನ ನಿಗಮದ ಸ್ವತ್ತು. ರಾಜ್ಯ ಸರ್ಕಾರದ ಲಾಂಛನವನ್ನು ವ್ಯಾಪಾರಕ್ಕೆ ಬಳಸುವುದಕ್ಕೆ 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆಯ ತಡೆ ಇದೆ. ಸ್ಕಿನ್ ಉಚಿತವಾಗಿರಲಿ, "ಅಧಿಕೃತ" ಎಂಬ ಪದ ಎಲ್ಲೂ ಬೇಡ, "ಅಭಿಮಾನಿಗಳು ಮಾಡಿದ್ದು, ನಿಗಮಕ್ಕೂ ಇದಕ್ಕೂ ಸಂಬಂಧವಿಲ್ಲ" ಎಂದು ಮೊದಲ ಸಾಲಿನಲ್ಲೇ ಬರೆಯಿರಿ. ನಿಗಮ ತೆಗೆಯಿರಿ ಅಂದರೆ ವಾದ ಮಾಡದೆ ತೆಗೆಯಿರಿ.

ಮಾರ್ಗಫಲಕಕ್ಕೆ ಫಾಂಟ್: "ನೋಟೋ ಸ್ಯಾನ್ಸ್ ಕನ್ನಡ", "ಬಾಲೂ ತಮ್ಮ" ಎಂಬ ಎರಡೂ ಫಾಂಟ್‌ಗಳು ಓಪನ್ ಫಾಂಟ್ ಲೈಸೆನ್ಸ್‌ನಲ್ಲಿವೆ. ಅದರಲ್ಲಿ ಬರೆದ ಚಿತ್ರ ಹಂಚಲು ಅಡ್ಡಿಯಿಲ್ಲ. ಬೇರೆಯವರು ಫಲಕ ಬದಲಿಸಿಕೊಳ್ಳಲಿ ಎಂದು ಫಾಂಟ್ ಫೈಲನ್ನೇ ಸೇರಿಸಿದರೆ ಲೈಸೆನ್ಸ್ ಪಠ್ಯವನ್ನೂ ಜೊತೆಗಿಡಬೇಕು, ಫಾಂಟನ್ನು ಬಿಡಿಯಾಗಿ ಮಾರುವಂತಿಲ್ಲ. ದುಡ್ಡು ಕೊಟ್ಟು ಕೊಳ್ಳುವ ಫಾಂಟ್‌ಗಳ ಫೈಲನ್ನು ಪ್ಯಾಕಿಗೆ ಹಾಕಲೇಬೇಡಿ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಬರೆಯುವವರು ದಕ್ಷಿಣ ಏಷ್ಯಾದ ಲಿಪಿಗಳ ಪಠ್ಯ ಆಯ್ಕೆ ಮಾಡಿಕೊಳ್ಳದಿದ್ದರೆ ಒತ್ತಕ್ಷರ ಒಡೆದು "ಧರ್ಮಸ್ಥಳ", "ಚಿಕ್ಕಮಗಳೂರು" ಓದಲಾಗದಂತೆ ಆಗುತ್ತವೆ. ಕೆಂಪು ಬಸ್ಸಿನ ಮೇಲೆ ಒಡೆದ ಕನ್ನಡ ನೋಡಲು ನಿಜಕ್ಕೂ ನೋವಾಗುತ್ತದೆ. ಗಿಂಪ್, ಇಂಕ್‌ಸ್ಕೇಪ್‌ನಲ್ಲಿ ಈ ತೊಂದರೆ ಇಲ್ಲ.

ಲೈಸೆನ್ಸ್_ಓದುಗ

ಒಪ್ಪಿಗೆ ಕೇಳುವ ಪತ್ರದ ಬಗ್ಗೆ. "ಸರ್, ಯುವರ್ ಮಾಡ್ ಸೂಪರ್, ಕ್ಯಾನ್ ಐ ಯೂಸ್" ಎಂಬ ಒಂದು ಸಾಲಿಗೆ ಸಿಗುವ "ಓಕೆ" ಏನೂ ಅಲ್ಲ. ಯಾವ ಫೈಲು, ಯಾವ ಆವೃತ್ತಿ, ಯಾವ ಕೆಲಸಕ್ಕೆ, ಯಾವ ತಾಣದಲ್ಲಿ, ಉಚಿತವೇ, ಬೇರೆಯವರು ಮುಂದೆ ತಿದ್ದಬಹುದೇ, ಕ್ರೆಡಿಟ್ ಹೇಗೆ ಬರೆಯಬೇಕು, ಇಷ್ಟೂ ಇರಬೇಕು. ಹೀಗೆ ಬರೆದರೆ ಆಯಿತು, ಅವರಿಗೆ ಅರ್ಥವಾಗುವ ಭಾಷೆಯಲ್ಲಿ:

"ನಿಮ್ಮ ಬಸ್ ಮಾಡ್‌ನ ಇಂಥ ಆವೃತ್ತಿಯ ಡ್ಯಾಶ್‌ಬೋರ್ಡ್ ಮಾಡೆಲನ್ನು ಮಾತ್ರ, ಮೀಟರ್‌ಗಳ ಚಿತ್ರ ಬದಲಿಸಿ, ಯೂರೋ ಟ್ರಕ್ ಸಿಮ್ಯುಲೇಟರ್ 2ರ ಉಚಿತ ಮಾಡ್ ಒಂದರಲ್ಲಿ ಸೇರಿಸಿ ಸ್ಟೀಮ್ ವರ್ಕ್‌ಶಾಪ್‌ನಲ್ಲಿ ಹಾಕಲು ನಿಮ್ಮ ಒಪ್ಪಿಗೆ ಬೇಕು. ಜಾಹೀರಾತಿನ ಲಿಂಕ್ ಇರುವುದಿಲ್ಲ. ಬೇರೆ ಆಟಕ್ಕೆ ಬದಲಿಸುವುದಿಲ್ಲ. ನಿಮ್ಮ ಹೆಸರು ಮತ್ತು ಮೂಲ ಪುಟದ ಕೊಂಡಿ ವಿವರಣೆಯ ಮೇಲ್ಭಾಗದಲ್ಲಿರುತ್ತದೆ. ಬೇಡ ಅಂದರೂ ಬೇಸರವಿಲ್ಲ, ಆ ಭಾಗ ತೆಗೆದುಬಿಡುತ್ತೇವೆ."

ಕೊನೆಯ ಸಾಲು ಮುಖ್ಯ, ಇಲ್ಲ ಅನ್ನುವುದಕ್ಕೆ ದಾರಿ ಬಿಡುತ್ತದೆ. ಉತ್ತರ ಬಂದರೆ ದಿನಾಂಕ, ಖಾತೆಯ ಹೆಸರು ಕಾಣುವಂತೆ ಪೂರ್ತಿ ಸ್ಕ್ರೀನ್‌ಶಾಟ್ ತೆಗೆದು ಮಾಡ್‌ನ ಮೂಲ ಫೋಲ್ಡರ್‌ನಲ್ಲೇ ಇಡಿ. ಡಿಸ್ಕಾರ್ಡ್ ಸಂದೇಶ ಅವರು ಅಳಿಸಿದರೆ ಹೋಯಿತು. ಆದರೆ ಆ ಖಾಸಗಿ ಸಂಭಾಷಣೆಯನ್ನು ಸಾರ್ವಜನಿಕವಾಗಿ ಹಾಕಬೇಡಿ, ಕೇಳಿದ ಮಾಡರೇಟರ್‌ಗೆ ತೋರಿಸಿದರೆ ಸಾಕು.

ಉತ್ತರವೇ ಬರದಿದ್ದರೆ? ಎರಡು ಬೇರೆ ದಾರಿಯಲ್ಲಿ ಕೇಳಿ, ಎರಡು ಮೂರು ವಾರ ಬಿಟ್ಟು ಒಮ್ಮೆ ನೆನಪಿಸಿ. ಆಮೇಲೂ ಮೌನ ಅಂದರೆ ಇಲ್ಲ ಎಂದೇ ಅರ್ಥ. "ಒಂದು ತಿಂಗಳೊಳಗೆ ಉತ್ತರಿಸದಿದ್ದರೆ ಒಪ್ಪಿಗೆ ಎಂದು ತಿಳಿಯುತ್ತೇವೆ" ಎಂಬ ನೋಟಿಸು ನೀವೇ ಬರೆದುಕೊಂಡದ್ದು, ಅದಕ್ಕೆ ಬೆಲೆಯಿಲ್ಲ.

ತಂಡದಲ್ಲಿ ಮಾಡಿದ ಮಾಡ್ ಆದರೆ ಒಬ್ಬರ ಹೌದು ಸಾಲದು. ಮೈನ್‌ಕ್ರಾಫ್ಟ್‌ನ ಬಕ್ಕಿಟ್ ಸರ್ವರ್ ಯೋಜನೆಯ ಹಂಚಿಕೆ 2014ರ ಸೆಪ್ಟೆಂಬರ್‌ನಲ್ಲಿ ನಿಂತದ್ದೇ ಹೀಗೆ. ಅದಕ್ಕೆ ಕೋಡ್ ಬರೆದಿದ್ದ ಒಬ್ಬರು, ತಾವು ಮುಕ್ತ ಲೈಸೆನ್ಸ್‌ನಲ್ಲಿ ಕೊಟ್ಟ ಕೋಡನ್ನು ಆಟದ ಮುಚ್ಚಿದ ಕೋಡಿನ ಜೊತೆ ಬೆರೆಸಿ ಹಂಚಲಾಗುತ್ತಿದೆ ಎಂದು ಡಿಎಂಸಿಎ (ಅಮೆರಿಕದ ಡಿಜಿಟಲ್ ಕೃತಿಸ್ವಾಮ್ಯ ಕಾಯ್ದೆ) ನೋಟಿಸು ಕೊಟ್ಟರು, ಡೌನ್‌ಲೋಡ್ ಬಂದ್ ಆಯಿತು. ಒಬ್ಬರು ಸಾಕಾಯಿತು.

ಡಿಪೋ_ಗೇಟ್

ಬಿಟ್ಟು ಹೋದವರ ಮಾಡ್ ಗತಿ ಏನು ಹಾಗಾದ್ರೆ? ಆಟ ವರ್ಷಕ್ಕೆ ಮೂರ್ನಾಲ್ಕು ಸಲ ಅಪ್‌ಡೇಟ್ ಆಗುತ್ತೆ, ಹಳೇ ಬಸ್ ಓಡಲ್ಲ. ಸರಿಪಡಿಸಿ ಕೊಡೋರನ್ನೂ ಕಳ್ಳರು ಅಂದ್ರೆ ಒಳ್ಳೊಳ್ಳೆ ಮಾಡ್‌ಗಳು ಸಾಯ್ತವೆ. ಇದು ನನಗೆ ನಿಜವಾಗ್ಲೂ ಕಷ್ಟ ಆಗೋ ವಿಷಯ.

ಮೆಶ್_ಮಗ್ಗ

ಸರಿಯಾದ ಪ್ರಶ್ನೆ ಅಣ್ಣ. ಎಲ್ಡರ್ ಸ್ಕ್ರೋಲ್ಸ್ ಮಾಡರ್‌ಗಳಲ್ಲಿ ಇದರ ಮೇಲೆ ಬಹಳ ಹಳೆಯ ಚರ್ಚೆ ಇದೆ, ಕೆಥೆಡ್ರಲ್ ಮತ್ತು ಪಾರ್ಲರ್ ಎಂದು ಕರೆಯುತ್ತಾರೆ. ಎಲ್ಲರೂ ಒಂದೊಂದು ಕಲ್ಲು ಇಟ್ಟು ಕಟ್ಟುವ ದೊಡ್ಡ ಗುಡಿ ಒಂದು ಕಡೆ, ಒಬ್ಬರ ಮನೆಯ ಪಡಸಾಲೆಯಲ್ಲಿ ನೋಡಲು ಇಟ್ಟ ವಸ್ತು ಇನ್ನೊಂದು ಕಡೆ. ನನ್ನ ಒಲವು ಗುಡಿಯ ಕಡೆಗೇ. ಆದರೆ ಅದನ್ನು ನನ್ನ ಕೆಲಸಕ್ಕೆ ನಾನು ಆರಿಸಿಕೊಳ್ಳಬಹುದು, ಬೇರೆಯವರ ಪಡಸಾಲೆಗೆ ನುಗ್ಗಿ ಗುಡಿ ಎಂದು ಬೋರ್ಡು ಹಾಕಲಾಗದು.

ಒಪ್ಪಿಗೆ ಇಲ್ಲದೆಯೂ ದುರಸ್ತಿ ಸಾಧ್ಯ. ಕೆಟ್ಟಿರುವ ಡೆಫ್ ಸಾಲುಗಳಿಗೆ ನೀವೇ ಬರೆದ ಫೈಲನ್ನು ಪ್ಯಾಚ್ ಆಗಿ ಹಂಚಿ, ಮೂಲದ ಮೇಲೆ ಇಡಲು ಹೇಳಿ. ಮಾಡೆಲ್ಲೇ ಕೆಟ್ಟಿದ್ದರೆ, ಬೀಗವಿಲ್ಲದ ಫೈಲಾದರೆ, ಏನು ಬದಲಿಸಬೇಕು ಎಂಬ ಹೆಜ್ಜೆಗಳನ್ನು ಬರೆದು ಕೊಡಿ, ಜನ ತಮ್ಮ ಪ್ರತಿಯಲ್ಲಿ ತಾವೇ ಮಾಡಿಕೊಳ್ಳಲಿ.

ಬೇರೆ ಆಟಕ್ಕೆ ಬದಲಿಸುವುದು ಮಾತ್ರ ಹೀಗೆ ಆಗುವುದಿಲ್ಲ. ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾಕ್ಕೆ ಹೋಗಬೇಕಾದರೆ ಮಾಡೆಲ್ಲೇ ಹೊಸ ಫೈಲಿನೊಳಗೆ ಕೂರಬೇಕು. ಫೋನ್ ತಡೆಯಲಿ ಎಂದು ಪಾಲಿಗಾನ್ (ಮಾಡೆಲ್ ಕಟ್ಟಿರುವ ಸಣ್ಣ ಮುಖಗಳು) ಇಳಿಸಿ, ಒಳಾಂಗಣ ಕತ್ತರಿಸಿ, ಕನ್ನಡಿ ಬದಲಿಸಿ ಮಾಡುತ್ತಾರೆ. ಕರ್ತೃ ಹೆಮ್ಮೆಪಟ್ಟ ಕೆಲಸ ಗುರುತೇ ಸಿಗದಂತೆ ಆಗುತ್ತದೆ, ಹೆಸರು ಮಾತ್ರ ಅವರದೇ ಇರುತ್ತದೆ. ಇದಕ್ಕೆ ಬೇರೆಯಾಗಿ ಕೇಳಿ, ಕೊಟ್ಟರೆ ಮಾತ್ರ ಮಾಡಿ. ಆಟದ ಮೂಲ ಫೈಲಿನಿಂದ ತೆಗೆದ ಚಕ್ರ, ಸೀಟು, ಗಾಜು ಇದ್ದರೆ ಅವನ್ನಂತೂ ಬೇರೆ ಆಟಕ್ಕೆ ಒಯ್ಯಬಾರದು, ಅಲ್ಲಿ ಎಸ್‌ಸಿಎಸ್‌ನ ಹಕ್ಕು ನೇರವಾಗಿ ಬರುತ್ತದೆ. ಮೊಬೈಲ್‌ನವರಿಗೆ ಸ್ಕಿನ್ ಬೇಕಿದ್ದರೆ ಆ ಆಟದ ಸ್ವಂತ ಬಸ್ಸಿಗೆ ಲಿವರಿ (ಅಲ್ಲಿ ಸ್ಕಿನ್‌ಗೆ ಹೇಳುವ ಹೆಸರು) ಮಾಡಿಕೊಡಿ, ಬರೀ ಚಿತ್ರದ ಫೈಲು, ಪೂರ್ತಿ ನಿಮ್ಮದು.

ಮಾಡೆಲ್‌ನ ಹುಟ್ಟನ್ನೂ ಒಮ್ಮೆ ಪರೀಕ್ಷಿಸಿ. ಕಾರ್ ಆಟಗಳಿಂದ ಕಿತ್ತ ಮಾಡೆಲನ್ನು ಸ್ವಂತದ್ದೆಂದು ಹಾಕುವವರಿದ್ದಾರೆ. ಕಟ್ಟುವ ಹಂತದ ಚಿತ್ರ ಒಂದೂ ಇಲ್ಲ, ಒಂದೇ ವಾರದಲ್ಲಿ ಐದು ಬೇರೆ ಶೈಲಿಯ ವಾಹನ ಬಂದಿದೆ, ಒಳಗಿನ ಭಾಗಗಳ ಹೆಸರು ಬೇರೆ ಆಟದ ಧಾಟಿಯಲ್ಲಿದೆ ಅಂದರೆ ದೂರ ಇರಿ. ಅಂಥವರು ಕೊಡುವ ಒಪ್ಪಿಗೆಯಿಂದ ನಿಮಗೇನೂ ಬರುವುದಿಲ್ಲ.

ಹುಬ್ಬಳ್ಳಿ_ಹೈವೇ

ಲಿಂಕಿನ ವಿಷಯ ಬಿಟ್ಟಿರಿ. ಲಿಂಕ್ ಸಣ್ಣ ಮಾಡೋ ತಾಣದ ಮೂಲಕ ಕೊಟ್ರ ಪ್ರತಿ ಕ್ಲಿಕ್ಕಿಗೂ ರೊಕ್ಕ ಬರ್ತದ. ಒಳಗಿನ ಒಂದು ಸದ್ದಿಗೆ ಎನ್‌ಸಿ ಷರತ್ತು ಇದ್ರ ಅಲ್ಲಿಗೆ ಮುರದಂಗ. ಜಿಪ್‌ಗೆ ಪಾಸ್‌ವರ್ಡ್ ಹಾಕಿ "ವಿಡಿಯೋ ಪೂರ್ತಿ ನೋಡ್ರಿ, ಒಳಗ ಐತಿ" ಅನ್ನೋದೂ ಅಷ್ಟ. ಬ್ಯಾರೇದವರ ಬಸ್ಸಿನ ಮ್ಯಾಲ ನಮ್ಮ ಚಾನೆಲ್ ಬೆಳಸೋದು ಸರಿ ಅಲ್ಲ. ಮೂಲ ಪುಟದ ಕೊಂಡಿ ನೇರ ಕೊಡ್ರಿ. ಅದು ಸತ್ತಿದ್ರ "ಕೊಂಡಿ ಸತ್ತದ" ಅಂತ ಹೇಳ್ರಿ, ನಿಮ್ಮ ಡ್ರೈವಿಗೆ ಏರಿಸಬ್ಯಾಡ್ರಿ.

ಅಕ್ಷರ_ಬೋರ್ಡ್

ನಮ್ಮ ಸ್ಕಿನ್ನನ್ನೇ ಬೇರೆಯವರು ಎತ್ತಿದರೆ ಏನು ಮಾಡುವುದು ಎಂದೂ ಬರೆದಿಡಿ, ಇಲ್ಲೇ ಇರಲಿ.

ಲೈಸೆನ್ಸ್_ಓದುಗ

ಮೊದಲು ಪುರಾವೆ. ಬಿಡುಗಡೆಯ ದಿನವೇ ಫೈಲಿನ ಎಸ್‌ಎಚ್‌ಎ 256 ಮೊತ್ತ (ಫೈಲಿನ ಬೆರಳಚ್ಚಿನಂಥ ಗುರುತು) ತೆಗೆದಿಡಿ, ವಿಂಡೋಸ್‌ನ ಸರ್ಟ್‌ಯುಟಿಲ್ ಆಜ್ಞೆಯಲ್ಲೇ ಬರುತ್ತದೆ. ಪದರ ಪದರವಾಗಿರುವ ಮೂಲ ಚಿತ್ರವನ್ನು ಯಾರಿಗೂ ಕೊಡಬೇಡಿ, ಅದೇ ದೊಡ್ಡ ಸಾಕ್ಷಿ.

ಎತ್ತಿದವರಿಗೆ ಮೊದಲು ಖಾಸಗಿಯಾಗಿ, ಮರ್ಯಾದೆಯಿಂದ ಬರೆಯಿರಿ. ನಿಯಮ ಗೊತ್ತಿಲ್ಲದ ಶಾಲಾ ಹುಡುಗರೇ ಹೆಚ್ಚು, ಹೇಳಿದರೆ ತೆಗೆಯುತ್ತಾರೆ. ನಾಲ್ಕು ದಿನ ನೋಡಿ, ಆಮೇಲೆ ತಾಣದವರಿಗೆ ದೂರು ಕೊಡಿ. ಸ್ಟೀಮ್‌ನಂಥ ಅಮೆರಿಕದ ತಾಣಗಳಿಗೆ 1998ರ ಡಿಎಂಸಿಎ ನೋಟಿಸು. ಎದುರಿನವರು ಪ್ರತಿ ನೋಟಿಸು ಕೊಟ್ಟರೆ, ನೀವು ಮೊಕದ್ದಮೆ ಹೂಡದಿದ್ದಲ್ಲಿ, 10ರಿಂದ 14 ಕೆಲಸದ ದಿನಗಳಲ್ಲಿ ತೆಗೆದ ಫೈಲು ಮತ್ತೆ ಬರಬಹುದು. ಸುಳ್ಳು ನೋಟಿಸಿಗೆ ಹೊಣೆಯಾಗಬೇಕಾಗುತ್ತದೆ, ಸಿಟ್ಟಿನಲ್ಲಿ ಕಳಿಸಬೇಡಿ. ಭಾರತದಲ್ಲಿ ಲಿಖಿತ ದೂರು ಬಂದ ಮೇಲೆ ತಾಣದವರು 36 ಗಂಟೆಯೊಳಗೆ ಅದನ್ನು ತಡೆಹಿಡಿಯಬೇಕು. 21 ದಿನದೊಳಗೆ ಕೋರ್ಟ್ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ಕಾಮೆಂಟ್‌ಗಳಲ್ಲಿ ಗುಂಪು ಕಟ್ಟಿ ಬೈಯುವುದು ಬೇಡ, ಅವರ ಮನೆ, ಶಾಲೆ ಹುಡುಕುವುದಂತೂ ಬೇಡವೇ ಬೇಡ.

ಒಮ್ಮೆ ಬಿಟ್ಟದ್ದನ್ನು ಪೂರ್ತಿ ವಾಪಸ್ ಪಡೆಯಬಹುದು ಎಂದೂ ನಂಬಬೇಡಿ. ನೆಕ್ಸಸ್ ಮಾಡ್ಸ್ 2021ರ ಆಗಸ್ಟ್‌ನಿಂದ ಕರ್ತೃ ಅಳಿಸಿದ ಫೈಲನ್ನೂ ಸಂಗ್ರಹದಲ್ಲಿ ಉಳಿಸಿಕೊಳ್ಳುವ ಪದ್ಧತಿ ತಂದಿತು. ಅದಕ್ಕೆ ಮುಂಚೆ ಬೇಡದವರು ಹಿಂತೆಗೆದುಕೊಳ್ಳಲು ಆಗಸ್ಟ್ 5ರ ತನಕ ಗಡುವು ಕೊಟ್ಟಿತ್ತು. ತಾಣದ ನಿಯಮ ಓದಿಯೇ ಏರಿಸಿ.

ನಿಮ್ಮ ಷರತ್ತನ್ನು ನೀವೂ ಬರೆಯಿರಿ, ವಿವರಣೆಯ ಪುಟದಲ್ಲಷ್ಟೇ ಅಲ್ಲ, ಫೈಲಿನೊಳಗೂ. ಬೇರೆ ತಾಣಕ್ಕೆ ಏರಿಸುವುದು, ತಿದ್ದುವುದು, ಬೇರೆ ಆಟಕ್ಕೆ ಒಯ್ಯುವುದು, ದುಡ್ಡು, ಪ್ರತಿಯೊಂದಕ್ಕೂ ಹೌದು, ಇಲ್ಲ ಅಥವಾ ಕೇಳಿ ಎಂದು ಒಂದೊಂದು ಸಾಲು. ಡಿಪೋ_ಗೇಟ್ ಅವರ ಚಿಂತೆಗೆ ಇನ್ನೊಂದು ಸಾಲು ಸೇರಿಸಿ: "ಆಟದ ಹೊಸ ಆವೃತ್ತಿಯಲ್ಲಿ ಇದು ಓಡದಿದ್ದು, ನಾನು 6 ತಿಂಗಳು ಉತ್ತರಿಸದಿದ್ದರೆ, ಯಾರು ಬೇಕಾದರೂ ಸರಿಪಡಿಸಿ ಉಚಿತವಾಗಿ ಹಂಚಬಹುದು." ಇದನ್ನು ಕರ್ತೃವೇ ಮೊದಲೇ ಬರೆದಿಟ್ಟರೆ ಅದು ನಿಜವಾದ ಒಪ್ಪಿಗೆ.

ಶಿರಾಡಿ_ತಿರುವು

ಪ್ಯಾಕ್ ಬಿಡಿಸಿದೆ. ಬಸ್ ಮಾಡೆಲ್ ತೆಗೆದು ಮೂಲ ಪುಟದ ಕೊಂಡಿ ಹಾಕಲಾಗಿದೆ. ಸದ್ದಿನ ಕರ್ತೃ ತಾವೇ ಮುದ್ರಿಸಿದ್ದೆಂದು ಹೇಳಿ, ಈ ಆಟಕ್ಕೆ ಮಾತ್ರ, ಉಚಿತ ಮಾಡ್‌ನಲ್ಲಿ ಮಾತ್ರ ಎಂದು ಲಿಖಿತವಾಗಿ ಒಪ್ಪಿದ್ದಾರೆ. ಡ್ಯಾಶ್‌ಬೋರ್ಡ್ ಕರ್ತೃವಿಗೆ ಸಂದೇಶ ಹೋಗಿದೆ, ಉತ್ತರವಿಲ್ಲ, ಹಾಗಾಗಿ ಆ ಭಾಗ ಈ ಬಿಡುಗಡೆಯಲ್ಲಿ ಇಲ್ಲ. ಹಿಂಬದಿಯ ಬರಹಗಳನ್ನು "ಬಾಲೂ ತಮ್ಮ" ಫಾಂಟ್‌ನಲ್ಲಿ ಹೊಸದಾಗಿ ಬರೆಯಲಾಗಿದೆ. ಒಳಹೆಸರು 10 ಅಕ್ಷರಕ್ಕೆ ಇಳಿದ ಮೇಲೆ ಸ್ಕಿನ್ ಪಟ್ಟಿಯಲ್ಲಿ ಬಂತು.

ಮೆಶ್_ಮಗ್ಗ

ಚೆನ್ನಾಯಿತು. ಸದ್ದನ್ನು ಸ್ಕಿನ್ ಜೊತೆ ಒಂದೇ ಫೈಲಿನಲ್ಲಿ ಇಡಬೇಡಿ, ಎರಡು ಎಸ್‌ಸಿಎಸ್ ಫೈಲು ಮಾಡಿ. ನಾಳೆ ಸದ್ದಿನವರು ಮನಸ್ಸು ಬದಲಿಸಿದರೆ ಅದೊಂದನ್ನೇ ತೆಗೆಯಬಹುದು. ಮ್ಯಾನಿಫೆಸ್ಟ್‌ನಲ್ಲಿ ಹೊಂದುವ ಆಟದ ಆವೃತ್ತಿಯ ಸಾಲು ಸೇರಿಸುವುದನ್ನು ಮರೆಯಬೇಡಿ, ಕೊನೆಯ ಅಂಕಿಯ ಜಾಗದಲ್ಲಿ ನಕ್ಷತ್ರ ಚಿಹ್ನೆ ಹಾಕಿದರೆ ಸಣ್ಣ ತಿದ್ದುಪಡಿಗಳಿಗೆಲ್ಲ ನಡೆಯುತ್ತದೆ.